ತಿಪ್ಪಯ್ಯ, ತಿಪ್ಪಮ್ಮ: ತಿಪ್ಪೆಯಿಂದ ಬಂದ ಹೆಸರುಗಳು

ತಿಪ್ಪಣ್ಣ, ತಿಪ್ಪಯ್ಯ, ತಿಪ್ಪಮ್ಮ ಮುಂತಾದ ಕನ್ನಡ ಹೆಸರುಗಳ ಮೂಲ ‘ತಿಪ್ಪೆ’; ಮನೆಯ ಕಸ, ಕೊಟ್ಟಿಗೆಯ ಸಗಣಿ ಸುರಿಯುವ ಜಾಗ. ಹುಟ್ಟಿದ ಕೂಸುಗಳು ಒಂದರ ಹಿಂದೊಂದು ಕಣ್ಮುಚ್ಚಿದ ಮನೆಗಳಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ, ಅಲ್ಲೇ ಸಿಕ್ಕಿತೆಂಬಂತೆ ಎತ್ತಿ ತಂದು ಈ ಹೆಸರಿಡುತ್ತಿದ್ದರು. ಯಾರಿಗೂ ಬೇಡದ್ದರ ಮೇಲೆ ಯಮನಿಗಾಗಲಿ ಕೆಟ್ಟ ಕಣ್ಣಿಗಾಗಲಿ ಆಸೆ ಹುಟ್ಟದೆಂಬ ಲೆಕ್ಕ. ಆದರೆ ತಿಪ್ಪೆ ಹೊಲಕ್ಕೆ ಹೋಗುವ ಗೊಬ್ಬರವೂ ಹೌದು. ಪೇಟೆಯ ಕಿವಿಗೆ ಬಡಿಯುವಷ್ಟು ಕೀಳಾಗಿ ಒಕ್ಕಲಿಗನ ಕಿವಿಗೆ ಈ ಹೆಸರು ಬಡಿದಿರಲಾರದು.

ಬಡವರ ಹೆಸರೆಂದು ತಳ್ಳುವಂತೆಯೂ ಇಲ್ಲ. ವಿಜಯನಗರದ ತುಳುವ ನರಸನಾಯಕನ ರಾಣಿ, ವೀರನರಸಿಂಹನ ತಾಯಿ, ತಿಪ್ಪಾಂಬೆ. ಅರಮನೆಯಲ್ಲಿ ‘ಅಮ್ಮ’ ‘ಅಂಬೆ’ಯಾದರೂ ಮುಂದಿನ ‘ತಿಪ್ಪ’ ಅಲುಗಲಿಲ್ಲ. ಚಿತ್ರದುರ್ಗದ ಕಡೆ ಕಥೆಯೇ ಬೇರೆ: ಅಲ್ಲಿ ತಿಪ್ಪೇಸ್ವಾಮಿ, ತಿಪ್ಪೇರುದ್ರಪ್ಪ ಎಂದರೆ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಒಕ್ಕಲು, ಭಕ್ತಿಯ ಗುರುತು. ‘ಕರ್ನಾಟಕ ಸಂಸ್ಕೃತಿ ಸಮೀಕ್ಷೆ’ಗೆ 1969ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ವಿದ್ವಾಂಸರ ಹೆಸರೂ ತಿಪ್ಪೇರುದ್ರಸ್ವಾಮಿ.

ನೆರೆಯ ಭಾಷೆಗಳಲ್ಲೂ ಇದೇ ಹೂಟ. ತಮಿಳಿನ ‘ಕುಪ್ಪೈ’ಯಿಂದ ಕುಪ್ಪುಸಾಮಿ, ಕುಪ್ಪಮ್ಮಾಳ್, ತೆಲುಗಿನ ‘ಪೆಂಟ’ದಿಂದ ಪೆಂಟಯ್ಯ, ಪೆಂಟಮ್ಮ. ಮರಾಠಿಯವರು ಕಲ್ಲಿಗೆ ಮೊರೆಹೋದರು: ಧೋಂಡೊ, ದಗಡು. ಮಹರ್ಷಿ ಧೋಂಡೊ ಕೇಶವ ಕರ್ವೆ (1858–1962) ನೂರು ದಾಟಿ ಬದುಕಿದ್ದು ಹೆಸರಿನ ಪುಣ್ಯವೆಂದು ನಂಬುವವರು ನಂಬಬಹುದು. ಬಂಗಾಳದಲ್ಲಿ ಕೂಸನ್ನು ಮಾರಿದಂತೆ ನಟಿಸುತ್ತಿದ್ದರು. 1889ರಲ್ಲಿ ಹುಟ್ಟಿದ ಖುದಿರಾಮ್ ಬೋಸ್‌ನನ್ನು ಅಕ್ಕ ಮೂರು ಹಿಡಿ ನುಚ್ಚು ಕೊಟ್ಟು ಕೊಂಡಳಂತೆ. ‘ಖುದ್’ ಎಂದರೆ ನುಚ್ಚು.

ಕಲ್ಲಪ್ಪ, ಗುಂಡಪ್ಪಗಳನ್ನೂ ಕೆಲವರು ಈ ಸಾಲಿಗೆ ಸೇರಿಸುವುದುಂಟು. ಆತುರ ಬೇಡ. ಕಲ್ಲಪ್ಪನ ಹಿಂದೆ ಊರ ಕಲ್ಲೇಶ್ವರ ನಿಂತಿರಬಹುದು, ಗುಂಡಪ್ಪ ಬರಿಯ ಅಜ್ಜನ ಹೆಸರಾಗಿರಬಹುದು.

ಕರೆಯುವಾಗ ಸೀಮೆಗೊಂದು ರೂಪ. ಧಾರವಾಡ, ಬೆಳಗಾವಿ ಕಡೆ ಸಲಿಗೆಗೋ ಸಿಟ್ಟಿಗೋ ತಿಪ್ಪಣ್ಣ ‘ತಿಪ್ಯಾ’ ಆಗುತ್ತಾನೆ. ಮೈಸೂರು ಸೀಮೆಯಲ್ಲಿ ‘ತಿಪ್ಪ’. ಇಂಗ್ಲಿಷ್ ಬರವಣಿಗೆ ಇನ್ನೊಂದು ತೊಡಕು ತಂದಿತು. ತಕಾರಕ್ಕೆ ದಕ್ಷಿಣದವರು ಟಿ ಜೊತೆಗೆ ಎಚ್ ಹಾಕುತ್ತಾರೆ, ಉತ್ತರದ ಜಿಲ್ಲೆಗಳಲ್ಲಿ ಬರಿಯ ಟಿ ಸಾಕು. ಹೀಗಾಗಿ ಹಿಂದಿಯವರ ಬಾಯಲ್ಲಿ ಒಬ್ಬ ‘ಥಿಪ್ಪೇಸ್ವಾಮಿ’, ಇನ್ನೊಬ್ಬ ‘ಟಿಪ್ಪಣ್ಣ’. ಈಚಿನ ತಲೆಮಾರಿನ ‘ತಿಪ್ಪೇಶ’ದಲ್ಲಂತೂ ತಿಪ್ಪೆಯ ಎಕಾರ ಈಶನ ಪಾಲಾಗಿದೆ.