ಪ್ರಥಮ ವರ್ಷದ ಬೋಧನೆ ಮತ್ತು ವಿದ್ಯಾರ್ಥಿ ನೆರವು

ಉನ್ನತ ಶಿಕ್ಷಣಕ್ಕೆ ಹೊಸದಾಗಿ ಸೇರಿದವರು ಅಲ್ಲಿನ ಕಲಿಕೆಯ ರೀತಿಗೆ ಹೊಂದಿಕೊಳ್ಳಲೆಂದು ವಿಶ್ವವಿದ್ಯಾಲಯಗಳು ರೂಪಿಸುವ ಪಾಠಕ್ರಮ, ಮಾರ್ಗದರ್ಶನ ಹಾಗೂ ಸಹಾಯ ವ್ಯವಸ್ಥೆ. ಅನೇಕ ದೇಶಗಳಲ್ಲಿ ವಿದ್ಯಾರ್ಥಿಗಳು ಓದು ಬಿಡುವುದು ಮೊದಲ ವರ್ಷದಲ್ಲೇ ಹೆಚ್ಚು. ದೊಡ್ಡ ತರಗತಿ, ತಾನೇ ಓದಿಕೊಳ್ಳಬೇಕಾದ ಹೊಣೆ, ಹಣದ ಅಡಚಣೆ, ಮನೆಯಿಂದ ದೂರವಿರುವುದು ಇವೆಲ್ಲ ಒಟ್ಟಿಗೇ ಎದುರಾಗುವ ಕಾಲವದು.

ಬೆಳವಣಿಗೆ: ಅಮೆರಿಕದ ಸೌತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ 1970ರಲ್ಲಿ ವಿದ್ಯಾರ್ಥಿ ಗಲಭೆ ನಡೆಯಿತು. ವಿದ್ಯಾರ್ಥಿಗಳಿಗೂ ಸಂಸ್ಥೆಗೂ ನಡುವೆ ವಿಶ್ವಾಸ ಬೆಳೆಸಲು ವಿಶ್ವವಿದ್ಯಾಲಯದ ಅಧ್ಯಕ್ಷ ಥಾಮಸ್ ಜೋನ್ಸ್ 1972ರಲ್ಲಿ ‘ಯೂನಿವರ್ಸಿಟಿ 101’ ಎಂಬ ಕೋರ್ಸ್ ಆರಂಭಿಸಿದರು. 1974ರಿಂದ ಅದನ್ನು ಮುನ್ನಡೆಸಿದ ಜಾನ್ ಗಾರ್ಡ್ನರ್ ಅವರ ಪ್ರಯತ್ನದಿಂದ ಇಂಥ ಕೋರ್ಸುಗಳು ಬೇರೆಡೆಗೂ ಹರಡಿದವು. 1973ರಲ್ಲಿ ಮಿಸೌರಿ–ಕ್ಯಾನ್ಸಸ್ ಸಿಟಿ ವಿಶ್ವವಿದ್ಯಾಲಯದಲ್ಲಿ ಡಿಯಾನಾ ಮಾರ್ಟಿನ್ ‘ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್’ ಕ್ರಮವನ್ನು ರೂಪಿಸಿದರು. ಹಿಂದುಳಿದವರನ್ನು ಗುರುತಿಸಿ ಪ್ರತ್ಯೇಕ ಪಾಠ ಹೇಳುವ ಬದಲು, ಹೆಚ್ಚು ಮಂದಿ ನಪಾಸಾಗುವ ವಿಷಯಗಳನ್ನು ಗುರುತಿಸಿ ಆ ತರಗತಿಯ ಎಲ್ಲರಿಗೂ ನೆರವು ಕೊಡುವುದು ಇದರ ವೈಶಿಷ್ಟ್ಯ. ಆ ವಿಷಯದಲ್ಲಿ ಚೆನ್ನಾಗಿ ತೇರ್ಗಡೆಯಾದ ಹಿರಿಯ ವಿದ್ಯಾರ್ಥಿಯೊಬ್ಬರು ಮತ್ತೆ ಪಾಠಕ್ಕೆ ಕುಳಿತು, ಬಳಿಕ ಗುಂಪು ಅಧ್ಯಯನ ನಡೆಸುತ್ತಾರೆ. ನೆರವು ಪಡೆಯುವುದು ದಡ್ಡತನದ ಗುರುತು ಎಂಬ ಮುಜುಗರ ಇದರಿಂದ ಕಡಿಮೆಯಾಗುತ್ತದೆ.

ಸಿದ್ಧಾಂತ: ಸಮಾಜಶಾಸ್ತ್ರಜ್ಞ ವಿನ್ಸೆಂಟ್ ಟಿಂಟೊ 1975ರಲ್ಲಿ ಮಂಡಿಸಿದ ಮಾದರಿಯ ಪ್ರಕಾರ, ವಿದ್ಯಾರ್ಥಿ ಓದಿನಲ್ಲೂ ಸಂಸ್ಥೆಯ ಸಾಮಾಜಿಕ ಬದುಕಿನಲ್ಲೂ ಎಷ್ಟು ಬೆರೆಯುತ್ತಾನೆ ಎಂಬುದರ ಮೇಲೆ ಅವನು ಉಳಿಯುವುದು ಅವಲಂಬಿಸಿದೆ. ಬೆರೆಯುವ ಭಾರವನ್ನೆಲ್ಲ ವಿದ್ಯಾರ್ಥಿಯ ಮೇಲೆ ಹೊರಿಸಿದರೆ, ಅಲ್ಪಸಂಖ್ಯಾತ ಸಮುದಾಯದವರು ತಮ್ಮ ಸಂಸ್ಕೃತಿಯನ್ನೇ ಬಿಟ್ಟು ಬರಬೇಕಾಗುತ್ತದೆ ಎಂದು ಶಿಕ್ಷಣ ಸಂಶೋಧಕ ವಿಲಿಯಂ ಟಿಯರ್ನಿ 1992ರಲ್ಲಿ ಆಕ್ಷೇಪಿಸಿದರು. ಆಸ್ಟ್ರೇಲಿಯಾದ ಶಿಕ್ಷಣತಜ್ಞೆ ಸ್ಯಾಲಿ ಕಿಫ್ಟ್ ಅವರ ವಾದದಲ್ಲಿ ಹೊಣೆ ಪಾಠಕ್ರಮದ್ದು: ಹೊಸಬರೆಲ್ಲರೂ ತಪ್ಪದೆ ಸೇರುವ ಜಾಗ ತರಗತಿಯೇ ಆದ್ದರಿಂದ, ನೆರವನ್ನು ಅಲ್ಲಿಯೇ ಹೆಣೆಯಬೇಕು. ಮೊದಲ ವಾರಗಳಲ್ಲೇ ಕಡಿಮೆ ಅಂಕದ ಸಣ್ಣ ಪರೀಕ್ಷೆ ಕೊಡುವುದು, ಉತ್ತರಗಳ ಬಗ್ಗೆ ಬೇಗ ತಿಳಿಹೇಳುವುದು, ಹಾಜರಾತಿ ಕುಸಿದವರನ್ನು ಕೂಡಲೇ ಮಾತನಾಡಿಸುವುದು ಈ ಕ್ರಮದ ಅಂಗಗಳು.

ಭಾರತದಲ್ಲಿ: ರ‍್ಯಾಗಿಂಗ್ ತಡೆಯಲು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2009ರಲ್ಲಿ ಹೊರಡಿಸಿದ ನಿಯಮಾವಳಿ ಹೊಸಬರಿಗೆ ಹಿರಿಯ ವಿದ್ಯಾರ್ಥಿಗಳನ್ನು ಮಾರ್ಗದರ್ಶಕರಾಗಿ ನೇಮಿಸಲು ಸೂಚಿಸಿತು, ಆರು ಮಂದಿಗೆ ಒಬ್ಬರು ಎಂಬುದು ಅದರ ಅಳತೆ. ಐಐಟಿ ಗಾಂಧಿನಗರ 2011ರಲ್ಲಿ ಐದು ವಾರಗಳ ಪ್ರವೇಶ ಕಾರ್ಯಕ್ರಮ ಆರಂಭಿಸಿತು. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು (ಎಐಸಿಟಿಇ) ಎಂಜಿನಿಯರಿಂಗ್ ಕಾಲೇಜುಗಳಿಗೆ ಮೂರು ವಾರಗಳ ಇಂಡಕ್ಷನ್ ಕಾರ್ಯಕ್ರಮವನ್ನು ರೂಪಿಸಿತು. ವ್ಯಾಯಾಮ, ಕಲೆ, ಮಾನವೀಯ ಮೌಲ್ಯಗಳ ಚರ್ಚೆ, ಸ್ಥಳೀಯ ಭೇಟಿ ಇದರಲ್ಲಿ ಸೇರಿವೆ. ಯುಜಿಸಿ 2019ರಲ್ಲಿ ‘ದೀಕ್ಷಾರಂಭ’ ಎಂಬ ಹೆಸರಿನಲ್ಲಿ ಇತರ ಸಂಸ್ಥೆಗಳಿಗೂ ಮಾರ್ಗಸೂಚಿ ನೀಡಿತು.

ಕರ್ನಾಟಕದಲ್ಲಿ ಮೊದಲ ವರ್ಷದ ದೊಡ್ಡ ತೊಡಕುಗಳಲ್ಲಿ ಭಾಷೆಯೂ ಒಂದು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ವಿಜ್ಞಾನ, ತಾಂತ್ರಿಕ ಪದವಿಗಳಲ್ಲಿ ಇಂಗ್ಲಿಷ್ ಪಾಠಕ್ಕೆ ಒಗ್ಗಿಕೊಳ್ಳಬೇಕು. ಇನ್ನೊಂದೆಡೆ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಎಂಜಿನಿಯರಿಂಗ್ ಪಠ್ಯಕ್ರಮದಲ್ಲಿ ಕನ್ನಡ ಬಾರದವರಿಗೆಂದು ‘ಬಳಕೆ ಕನ್ನಡ’, ಬಲ್ಲವರಿಗೆ ‘ಸಾಂಸ್ಕೃತಿಕ ಕನ್ನಡ’ ಇದೆ. ಭಾಷೆಯಲ್ಲದೆ ಇನ್ನೊಂದು ತೊಡಕೂ ಇದೆ: ಡಿಪ್ಲೊಮಾ ಮುಗಿಸಿದವರು ಲ್ಯಾಟರಲ್ ಎಂಟ್ರಿಯಲ್ಲಿ ನೇರವಾಗಿ ಎರಡನೇ ವರ್ಷಕ್ಕೆ ಸೇರುವುದರಿಂದ, ಹೊಸಬರಾಗಿದ್ದರೂ ಮೊದಲ ವರ್ಷದ ಕಾರ್ಯಕ್ರಮಗಳು ಅವರಿಗೆ ಸಿಗುವುದಿಲ್ಲ.

ಮೌಲ್ಯಮಾಪನ: ಈ ಕ್ರಮಗಳ ಫಲವನ್ನು ಅಳೆಯುವುದು ಸುಲಭವಲ್ಲ. ಗುಂಪು ಅಧ್ಯಯನಕ್ಕೆ ತಾವಾಗಿ ಬರುವವರು ಮೊದಲೇ ಆಸಕ್ತರಾಗಿರಬಹುದು. ಅವರ ಅಂಕಗಳನ್ನು ಬಾರದವರ ಅಂಕಗಳೊಡನೆ ಹೋಲಿಸಿದಾಗ ಕಾರ್ಯಕ್ರಮದ ಪ್ರಭಾವ ಇರುವುದಕ್ಕಿಂತ ಹೆಚ್ಚಾಗಿ ಕಾಣಬಹುದು. ಕೆಲಸ ಮಾಡಿಕೊಂಡು ಓದುವವರು, ದಿನವೂ ದೂರದ ಊರಿಂದ ಬಸ್ಸಿನಲ್ಲಿ ಬಂದುಹೋಗುವವರು ತರಗತಿಯ ಹೊರಗಿನ ಕಾರ್ಯಕ್ರಮಗಳಿಗೆ ಉಳಿಯಲಾರರು. ನೆರವನ್ನು ವೇಳಾಪಟ್ಟಿಯೊಳಗೇ ತರಬೇಕೆಂಬ ವಾದಕ್ಕೆ ಇದೂ ಒಂದು ಆಧಾರ.