500 ರೂಪಾಯಿಯ ಗೋಡೆ: ಮಗುವಿನ ಜೀವನಾಂಶ ಹಕ್ಕಾಗಿದ್ದು ಹೇಗೆ?

ಇವತ್ತಿನ ಎಪಿಸೋಡ್‌ನಲ್ಲಿ ಒಂದು ಮೊತ್ತದ ಕಥೆ ಹೇಳ್ತೀನಿ. 500 ರೂಪಾಯಿ. ಅಪ್ಪ ಅಮ್ಮ ಬೇರೆಯಾದಾಗ ಮಗುವಿನ ಊಟ, ಬಟ್ಟೆ, ಸ್ಕೂಲ್ ಫೀಸಿಗೆ ಅಂತ ಮ್ಯಾಜಿಸ್ಟ್ರೇಟ್ ತಿಂಗಳಿಗೆ ಕೊಡಿಸಬಹುದಾಗಿದ್ದ ಗರಿಷ್ಠ ಹಣ ಇದು. 1955ರಲ್ಲಿ ಬಂದ ಈ ಮಿತಿ ಕೇಂದ್ರದ ಕಾನೂನಿನಲ್ಲಿ 2001ರವರೆಗೂ ಹಾಗೇ ಇತ್ತು. ಅಪ್ಪ ಗುಮಾಸ್ತನಾಗಿರಲಿ, ಮಿಲ್ ಮಾಲೀಕನಾಗಿರಲಿ, ಅದರ ಮೇಲೆ ಒಂದು ರೂಪಾಯಿಯೂ ಇಲ್ಲ. ಕೆಲವು ರಾಜ್ಯಗಳು ತಾವೇ ತಿದ್ದುಪಡಿ ಮಾಡಿ ಮಿತಿ ಏರಿಸಿಕೊಂಡಿದ್ದವು, ಅಷ್ಟೇ.

ಯಾಕೆ ಹೀಗಿತ್ತು? ಉತ್ತರ ಬೇಕಂದ್ರೆ ಬ್ರಿಟಿಷರ ಕಾಲಕ್ಕೆ ಹೋಗಬೇಕು.

ಹೆಂಡತಿ ಮಕ್ಕಳ ಜೀವನಾಂಶದ ನಿಯಮ ಇದ್ದದ್ದು ಮದುವೆಯ ಕಾನೂನಿನಲ್ಲಿ ಅಲ್ಲ, ಪೊಲೀಸು, ವಾರಂಟು, ಜೈಲಿನ ಬಗ್ಗೆ ಹೇಳುವ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ. 1898ರ ಸಂಹಿತೆಯಲ್ಲಿ ಅದು ಸೆಕ್ಷನ್ 488. ಕಾನೂನು ರೂಪಿಸಿದವರ ಚಿಂತೆ ಮಗುವಿನ ಹಕ್ಕಿನದ್ದಾಗಿರಲಿಲ್ಲ. ಕೈಬಿಟ್ಟ ಹೆಂಡತಿ ಮಕ್ಕಳು ಬೀದಿಗೆ ಬಿದ್ದರೆ ಭಿಕ್ಷೆ, ಅಲೆದಾಟ, ಕಳ್ಳತನ ಹೆಚ್ಚುತ್ತೆ, ಊರಿನ ಶಾಂತಿ ಕೆಡುತ್ತೆ. ಅದನ್ನು ತಡೆಯಬೇಕು ಅನ್ನೋದೇ ಲೆಕ್ಕ. ಹಾಗಾಗಿ ಮಗು ಹಸಿವಿನಿಂದ ಬೀದಿಗೆ ಬರದಷ್ಟು ಹಣ ಸಾಕಿತ್ತು. ಮೊದಲು 50 ರೂಪಾಯಿ, 1923ರಲ್ಲಿ 100, ಸ್ವಾತಂತ್ರ್ಯದ ನಂತರ 1955ರಲ್ಲಿ 500.

ಒಂದು ಮಾತು ಮಾತ್ರ ಒಪ್ಪಿಕೊಳ್ಳಬೇಕು. ಆ ಹಳೆಯ ಸೆಕ್ಷನ್ ಧರ್ಮ ಜಾತಿ ಕೇಳುತ್ತಿರಲಿಲ್ಲ. ಮದುವೆಯಾಚೆ ಹುಟ್ಟಿದ ಮಗುವಿಗೂ ಅದರಲ್ಲಿ ಜಾಗ ಇತ್ತು. ಉದ್ದೇಶ ಸಣ್ಣದು, ಆದರೆ ಬಾಗಿಲು ದೊಡ್ಡದು.

1973ರಲ್ಲಿ ಹೊಸ ಸಂಹಿತೆ ಬಂತು. 488 ಹೋಗಿ ಸೆಕ್ಷನ್ 125 ಆಯ್ತು. 500ರ ಮಿತಿ ಹಾಗೇ ಉಳಿಯಿತು. ಅದರಲ್ಲಿ ‘ಒಟ್ಟಾರೆ’ ಅನ್ನೋ ಒಂದು ಪದ ಇತ್ತು. ಹೆಂಡತಿಗೂ ಮಕ್ಕಳಿಗೂ ಎಲ್ಲ ಸೇರಿ 500 ಅಂತ ಗಂಡಂದಿರು ವಾದ ಹೂಡಿದರು. 1978ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ವಾದ ಒಪ್ಪಲಿಲ್ಲ. ಅರ್ಜಿ ಹಾಕಿದ ಪ್ರತಿಯೊಬ್ಬರಿಗೂ 500ರವರೆಗೆ ಕೊಡಿಸಬಹುದು ಅಂತ ಹೇಳಿತು. ಅಂದ್ರೆ ಮಗು ಮೊದಲ ಬಾರಿಗೆ ಅಮ್ಮನ ಸೆರಗಿನಿಂದ ಆಚೆ ಬಂದು, ಲೆಕ್ಕದಲ್ಲಿ ಬೇರೆ ಒಂದು ತಲೆ ಆಯ್ತು.

ಇನ್ನು ಶಾ ಬಾನೊ ಪ್ರಕರಣ ನೀವು ಕೇಳಿರ್ತೀರಿ. ಇಂದೋರ್‌ನ ಆ ತಾಯಿಗೆ ಮ್ಯಾಜಿಸ್ಟ್ರೇಟ್ ಮೊದಲು ಕೊಡಿಸಿದ್ದು ತಿಂಗಳಿಗೆ 25 ರೂಪಾಯಿ. ಹೈಕೋರ್ಟ್ ಅದನ್ನು 179 ರೂಪಾಯಿ 20 ಪೈಸೆ ಮಾಡಿತು, 1985ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮುಂದೆ ಆದ ರಾಜಕೀಯ ಗಲಾಟೆಯಿಂದ 1986ರಲ್ಲಿ ವಿಚ್ಛೇದಿತ ಮುಸ್ಲಿಂ ಮಹಿಳೆಯರಿಗಾಗಿ ಬೇರೆ ಕಾಯ್ದೆ ಬಂತು. ಎಲ್ಲರ ಚರ್ಚೆ ಹೆಂಡತಿಯ ಬಗ್ಗೆ. ಅದೇ ಕಾಯ್ದೆಯೊಳಗೆ ಮಗುವಿನ ಬಗ್ಗೆಯೂ ಒಂದು ಸಾಲು ಇತ್ತು: ಮಗು ಹುಟ್ಟಿದ ದಿನದಿಂದ ಎರಡು ವರ್ಷದವರೆಗೆ ಅದರ ಖರ್ಚು ಮಾಜಿ ಗಂಡ ಕೊಡಬೇಕು.

ಹಾಗಾದ್ರೆ ಮೂರನೇ ವರ್ಷ ಮಗು ಏನು ತಿನ್ನಬೇಕು?

ಈ ಪ್ರಶ್ನೆ ಬಿಹಾರದಿಂದ ದೆಹಲಿಗೆ ಹೋಯ್ತು. ನೂರ್ ಸಬಾ ಖಾತೂನ್ ಪ್ರಕರಣ ಅಂತ ಅದರ ಹೆಸರು. ಮೂರು ಮಕ್ಕಳು. ಕೆಳಗಿನ ಕೋರ್ಟ್ ತಲಾ 150 ರೂಪಾಯಿ ಕೊಡಿಸಿತ್ತು. ಆಮೇಲೆ ಅಪ್ಪ ವಿಚ್ಛೇದನ ಕೊಟ್ಟು, 1986ರ ಕಾಯ್ದೆ ತೋರಿಸಿದ. ಎರಡು ವರ್ಷ ದಾಟಿದ ಮಕ್ಕಳಿಗೆ ಹಣ ಇಲ್ಲ ಅಂತ ಹೈಕೋರ್ಟ್ ಅವನ ಮಾತು ಒಪ್ಪಿತು. 1997ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ಆ ಎರಡು ವರ್ಷದ ಸಾಲು ತಾಯಿಗೆ ಮಗು ಸಾಕಲು ಸಿಗುವ ನೆರವು. ಸೆಕ್ಷನ್ 125ರ ಹಣ ಮಗುವಿನ ಸ್ವಂತ ಹಕ್ಕು, ಒಂದು ಇನ್ನೊಂದನ್ನು ಅಳಿಸಲ್ಲ ಅಂತ ತೀರ್ಪು ಕೊಟ್ಟಿತು. ನನ್ನ ಪ್ರಕಾರ ಈ ಇಡೀ ಇತಿಹಾಸದ ತಿರುವು ಇದೇ. ಆದರೆ ಶಾ ಬಾನೊ ಹೆಸರು ಗೊತ್ತಿರುವ ಎಷ್ಟೋ ಜನಕ್ಕೆ ಈ ಪ್ರಕರಣ ಗೊತ್ತಿಲ್ಲ.

ಕೊನೆಗೆ 2001ರಲ್ಲಿ ಸಂಸತ್ತು 500ರ ಗೋಡೆಯನ್ನೇ ಕೆಡವಿತು. ಕೇಸು ಮುಗಿಯುವ ಮುಂಚೆಯೇ ಮಧ್ಯಂತರ ಜೀವನಾಂಶ ಕೇಳಬಹುದು, ಆ ಅರ್ಜಿಯನ್ನು ನೋಟಿಸ್ ತಲುಪಿದ 60 ದಿನದೊಳಗೆ ಸಾಧ್ಯವಾದಷ್ಟು ಮಟ್ಟಿಗೆ ಮುಗಿಸಬೇಕು ಅಂತಲೂ ಸೇರಿಸಿತು. ಆದರೂ ಕೇಸು ಎಳೆದಾಡೋದು ನಿಲ್ಲಲಿಲ್ಲ. ಸಂಬಳ ಮುಚ್ಚಿಡೋದು, ಕೆಲಸ ಬಿಟ್ಟೆ ಅನ್ನೋದು, ವಾಯಿದೆ ಮೇಲೆ ವಾಯಿದೆ. 2020ರ ನವೆಂಬರ್‌ನಲ್ಲಿ ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎರಡು ಮುಖ್ಯ ಸೂಚನೆ ಕೊಟ್ಟಿತು. ಒಂದು, ಇಬ್ಬರೂ ಆದಾಯ, ಆಸ್ತಿ, ಸಾಲ, ಖರ್ಚಿನ ಅಫಿಡವಿಟ್ ಸಲ್ಲಿಸಬೇಕು. ಎರಡು, ಜೀವನಾಂಶ ತೀರ್ಪಿನ ದಿನದಿಂದ ಅಲ್ಲ, ಅರ್ಜಿ ಹಾಕಿದ ದಿನದಿಂದ ಲೆಕ್ಕ. ಹಾಗಾಗಿ ತಡ ಮಾಡಿದಷ್ಟೂ ಬಾಕಿ ಬೆಳೆಯುತ್ತೆ.

ಈಗಿನ ಸ್ಥಿತಿ ಏನು? 2024ರ ಜುಲೈ 1ರಿಂದ ಸೆಕ್ಷನ್ 125ರ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 144 ಇದೆ. ನಂಬರ್ ಬದಲಾಗಿದೆ, ತಿರುಳು ಅದೇ. ಮಗುವಿಗೆ 18 ತುಂಬುವವರೆಗೆ ಕೇಳಬಹುದು. ಅಂಗವೈಕಲ್ಯದಿಂದ ತನ್ನ ಕಾಲ ಮೇಲೆ ನಿಲ್ಲಲಾಗದ ಮಗುವಿಗೆ ಆಮೇಲೂ ಇದೆ. ಹಿಂದೂ ಕುಟುಂಬಗಳಿಗೆ 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆಯ ದಾರಿಯೂ ಇದೆ. ಅದರಲ್ಲಿ ಹೊಣೆ ಅಪ್ಪನದ್ದು ಮಾತ್ರ ಅಲ್ಲ, ಅಮ್ಮನದ್ದೂ ಹೌದು. ಇಬ್ಬರೂ ದುಡಿಯುತ್ತಿದ್ದರೆ ಕೋರ್ಟ್ ಖರ್ಚನ್ನು ಅವರವರ ಆದಾಯಕ್ಕೆ ತಕ್ಕಂತೆ ಹಂಚಬಹುದು. ಸಂಬಳದಲ್ಲಿ ಇಷ್ಟೇ ಪರ್ಸೆಂಟ್ ಅನ್ನೋ ಸಿದ್ಧ ಸೂತ್ರ ನಮ್ಮ ಕಾನೂನಿನಲ್ಲಿ ಇಲ್ಲ.

ಕೊಡದಿದ್ದರೆ? ವಾರಂಟ್, ಆಮೇಲೆ ಬಾಕಿ ಉಳಿದ ತಿಂಗಳಿಗೆ ಒಂದು ತಿಂಗಳವರೆಗೆ ಜೈಲು. ಜೈಲಿಗೆ ಹೋಗಿ ಬಂದೆ, ಲೆಕ್ಕ ಚುಕ್ತಾ ಅನ್ನೋ ಹಾಗಿಲ್ಲ. ಜೈಲು ವಸೂಲಿಯ ದಾರಿ ಅಷ್ಟೇ, ಸಾಲ ತೀರಲ್ಲ ಅಂತ 1989ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಬಾಕಿ ವಸೂಲಿಗೆ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು, ಇದನ್ನು ಮರೀಬೇಡಿ.

ನಮ್ಮ ಮನೆಗಳಲ್ಲಿ ಇವತ್ತಿಗೂ ಎರಡು ಮಾತು ಕೇಳಿಸುತ್ತೆ. ‘ಮಗುವನ್ನ ನೋಡೋಕೇ ಬಿಡಲ್ಲ, ನಾನ್ಯಾಕೆ ದುಡ್ಡು ಕೊಡಲಿ?’ ಅನ್ನೋದು ಒಂದು. ‘ಅವನ ಹಂಗೇ ಬೇಡ, ಒಂದು ಪೈಸೆನೂ ಬೇಡ’ ಅನ್ನೋದು ಇನ್ನೊಂದು. ಎರಡರ ಹಿಂದೆಯೂ ನೋವಿದೆ, ನನಗೆ ಅರ್ಥವಾಗುತ್ತೆ. ಆದರೆ ಮಗುವಿನ ಭೇಟಿಗೆ ಬೇರೆ ಅರ್ಜಿ ಇದೆ, ಅದನ್ನು ಊಟದ ಹಣಕ್ಕೆ ಗಂಟು ಹಾಕೋ ಹಾಗಿಲ್ಲ. ಹಾಗೇ ಮಗುವಿನ ಹಣವನ್ನು ಅಮ್ಮ ತನ್ನ ಸ್ವಾಭಿಮಾನಕ್ಕಾಗಿ ಬಿಟ್ಟುಕೊಡೋಕೆ ಅದು ಅವಳದ್ದಲ್ಲ.

ವಕೀಲರ ಫೀಸಿನ ಚಿಂತೆ ಇದ್ದರೆ 15100ಕ್ಕೆ ಫೋನ್ ಮಾಡಿ. ಅದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಮಹಿಳೆಯರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತೆ. ನಿಮ್ಮ ಪರಿಚಯದವರಲ್ಲಿ ಯಾರಾದರೂ ಅರ್ಜಿ ಹಾಕೋಕೆ ಹಿಂದೆಮುಂದೆ ನೋಡ್ತಿದ್ರೆ ಈ ಎಪಿಸೋಡ್ ಅವರಿಗೆ ಕಳಿಸಿ. ಲೆಕ್ಕ ಶುರುವಾಗೋದು ಅರ್ಜಿ ಹಾಕಿದ ದಿನದಿಂದ ಅಂತಲೂ ಹೇಳಿ.