ಮಧುಗಿರಿ ಸೀಮೆಯ ಉಕ್ಕು: ಮೂಸೆಯಿಂದ ಚೌಕಟ್ಟಿನವರೆಗೆ

ಫ್ರಾನ್ಸಿಸ್ ಬುಕನನ್ 1800ರಲ್ಲಿ ಮಧುಗಿರಿ ಸೀಮೆಗೆ ಬಂದಾಗ ಟಿಪ್ಪು ಮಡಿದು ವರ್ಷವೊಂದು ಕಳೆದಿತ್ತು. ನಾಡಿನ ಬೆಳೆ, ಕಸುಬು, ಜನಜೀವನವನ್ನು ಬರೆದುಕೊಂಡು ಬರಲೆಂದು ಈಸ್ಟ್ ಇಂಡಿಯಾ ಕಂಪನಿ ಕಳಿಸಿದ್ದ ವೈದ್ಯ ಆತ. 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಆತನ ಪ್ರವಾಸಕಥನ ಈ ಭಾಗದ ಲೋಹದ ಕಸುಬಿಗೆ ನಮಗಿರುವ ಅಮೂಲ್ಯ ಸಾಕ್ಷಿ. ಮಧುಗಿರಿ, ಚನ್ನರಾಯನದುರ್ಗ, ದೇವರಾಯನದುರ್ಗಗಳ ಸುತ್ತ ಮಳೆಗಾಲದ ಹಳ್ಳಗಳು ಹೊತ್ತು ತರುತ್ತಿದ್ದ ಕರಿಮರಳನ್ನು ತೊಳೆದು ಕಬ್ಬಿಣ ತೆಗೆಯುತ್ತಿದ್ದರು. ಆ ಕಬ್ಬಿಣವನ್ನು ಉಕ್ಕು ಮಾಡುವ ಕುಲುಮೆಗಳೂ ಅಲ್ಲೇ ಇದ್ದವು.

ವಿಧಾನವನ್ನು ಬುಕನನ್ ವಿವರವಾಗಿ ದಾಖಲಿಸಿದ್ದಾನೆ. ಸುಡದ ಜೇಡಿಮಣ್ಣಿನ ಶಂಕುವಿನಾಕಾರದ ಮೂಸೆಯೊಳಗೆ ಒಂದು ತುಂಡು ಕಬ್ಬಿಣ, ಮೂರು ರೂಪಾಯಿ ತೂಕದ ತಂಗಡಿ ಕಡ್ಡಿ, ಒಂದು ಬಗೆಯ ಬಳ್ಳಿಯ ಎರಡು ಹಸಿರೆಲೆ. ಬಾಯಿಗೆ ಮಣ್ಣಿನ ಮುಚ್ಚಳವಿಟ್ಟು ಮೆತ್ತಿ, ಒಣಗಿಸಿ, ಮೂಸೆಗಳನ್ನು ಕುಲುಮೆಯ ಬಾಯಲ್ಲಿ ಕಮಾನಿನಂತೆ ಜೋಡಿಸಿ, ಇದ್ದಿಲು ಮುಚ್ಚಿ ತಿದಿಯೊತ್ತುತ್ತಿದ್ದರು. ಗಾಳಿಯಾಡದ ಮೂಸೆಯೊಳಗೆ ಕಡ್ಡಿ, ಎಲೆಗಳ ಇಂಗಾಲ ಕಬ್ಬಿಣಕ್ಕೆ ಸೇರುತ್ತಿತ್ತು. ತಂಗಡಿ ನಮ್ಮ ಹೊಲದ ಬದುಗಳಲ್ಲಿ ಇಂದಿಗೂ ಹಳದಿಯಾಗಿ ಅರಳುವ ಗಿಡ. ಅದರ ಕಡ್ಡಿಯ ತೂಕವೇ ಉಕ್ಕಿನ ಗುಣವನ್ನು ಹಿಡಿತದಲ್ಲಿಡುತ್ತಿತ್ತೆಂಬುದನ್ನು ಅರಿತಿದ್ದ ಆ ಕಮ್ಮಾರರ ಹೆಸರು ಉಳಿಯಲಿಲ್ಲವೆಂಬ ನೋವು ನನಗಿದೆ. ಅವರ ಮಾತಂತೂ ಉಳಿದಿದೆ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಗೆ ಒಪ್ಪಿಸಿದ ಪ್ರಬಂಧದಲ್ಲಿ ಬರುವ ‘ವೂಟ್ಜ್’ ಎಂಬ ಪದ ನಮ್ಮ ‘ಉಕ್ಕು’ವಿನಿಂದಲೇ ಬಂದದ್ದೆಂದು ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ.

ಇಂಥ ಉಕ್ಕು ತಯಾರಿಸಿದ ಸೀಮೆ ಅದರಿಂದ ಕಟ್ಟಡ ಕಟ್ಟಲಿಲ್ಲವೇಕೆ? ಮಧುಗಿರಿಯ ಏಕಶಿಲಾ ಬೆಟ್ಟದ ಕೋಟೆ, ಶಿರಾದಲ್ಲಿ 1651ರ ಮಲಿಕ್ ರಿಹಾನ್ ದರ್ಗಾ, ಪಾವಗಡದ ಬೆಟ್ಟದ ಕೋಟೆ ಎಲ್ಲವೂ ಕಲ್ಲು ಗಾರೆಯವು. ಉತ್ತರದ ಮೊದಲ ಭಾಗ ಪ್ರಮಾಣ. ಒಂದು ಮೂಸೆಯಿಂದ ಸಿಗುತ್ತಿದ್ದುದು ಅಂಗೈಯಲ್ಲಿ ಹಿಡಿಯುವಷ್ಟು ಗಟ್ಟಿ. ಎರಡನೆಯದು, ಮುಖ್ಯವಾದದ್ದು, ಗುಣ. ಮೂಸೆಯ ಉಕ್ಕಿನಲ್ಲಿ ಇಂಗಾಲ ಶೇ. 1ರಿಂದ 2ರವರೆಗೆ ಇರುತ್ತದೆ. ಅದು ಉಳಿಯ ಮೊನೆಗೆ, ಕತ್ತಿಯ ಅಲಗಿಗೆ ಬೇಕಾದ ಗಡಸು. ಕಟ್ಟಡಕ್ಕೆ ಬೇಕಾದದ್ದು ಇದಕ್ಕೆ ತದ್ವಿರುದ್ಧ: ಇಂಗಾಲ ಶೇ. 0.2ರ ಆಸುಪಾಸಿನಲ್ಲಿರುವ, ಮುರಿಯುವ ಮೊದಲು ಬಾಗಿ ಎಚ್ಚರಿಕೆ ಕೊಡುವ ಮೆದು ಉಕ್ಕು. ಆದ್ದರಿಂದ ಇಂದಿನ ಉಕ್ಕಿನ ಕಟ್ಟಡಗಳು ಹಳೆಯ ಕುಲುಮೆಗಳ ನೇರ ಮುಂದುವರಿಕೆ ಎಂಬ ಅಭಿಮಾನದ ಮಾತನ್ನು ನಾನು ಒಪ್ಪಲಾರೆ. ಹೆಸರು ಒಂದೇ, ವಸ್ತು ಬೇರೆ.

ಕಲ್ಲಿನ ಕಟ್ಟಡದ ಮಿತಿಯನ್ನು ನಮ್ಮ ಹಳೆಯ ಮಂಟಪಗಳಲ್ಲೇ ನೋಡಬಹುದು. ಕೆಲವೇ ಅಡಿಗಳಿಗೊಂದು ಕಂಬ. ಚಪ್ಪಡಿಯ ಮೇಲೆ ಭಾರ ಬಿದ್ದಾಗ ಅದರ ಮೇಲ್ಮೈ ಒತ್ತಿಕೊಳ್ಳುತ್ತದೆ, ತಳ ಎಳೆದುಕೊಳ್ಳುತ್ತದೆ. ಒತ್ತಡವನ್ನು ಧಾರಾಳವಾಗಿ ತಾಳುವ ಕಲ್ಲು ಎಳೆತಕ್ಕೆ ಬೇಗ ಸೀಳುತ್ತದೆ. ಉಕ್ಕು ಎರಡನ್ನೂ ಸಮನಾಗಿ ತಾಳಬಲ್ಲದು. ಸಾಮಾನ್ಯ ಕಟ್ಟಡದ ಉಕ್ಕು ಪ್ರತಿ ಚದರ ಮಿಲಿಮೀಟರಿಗೆ 250 ನ್ಯೂಟನ್‌ವರೆಗಿನ ಎಳೆತಕ್ಕೆ ಶಾಶ್ವತವಾಗಿ ಹಿಗ್ಗದು. ಬಾಗಿದಾಗ ಹೆಚ್ಚು ದುಡಿಯುವುದು ಮೇಲಿನ, ಕೆಳಗಿನ ಅಂಚುಗಳಾದ್ದರಿಂದ ಗರ್ಡರಿನಲ್ಲಿ ಅಲ್ಲಿಗೆ ಅಗಲ ಪಟ್ಟಿ ಕೊಟ್ಟು ನಡುವನ್ನು ತೆಳುವಾಗಿಸುತ್ತಾರೆ. ನಡುವೆ ಕಂಬವೇ ಇಲ್ಲದೆ ಅರವತ್ತು, ನೂರು ಅಡಿ ಅಗಲದ ಗೋದಾಮಿಗೆ ಸೂರು ಹಾಕಲು ಇದರಿಂದ ಸಾಧ್ಯ. ಆದರೆ ಉದ್ದನೆಯ ತೆಳು ಕಂಬ ಒತ್ತಿದರೆ ಪಕ್ಕಕ್ಕೆ ಬಾಗುತ್ತದೆ. ಓರೆಪಟ್ಟಿಗಳು ಬೇಕಾಗುವುದು ಅದಕ್ಕೇ.

ಕಟ್ಟಡಕ್ಕೆ ಬೇಕಾದ ಈ ಮೆದು ಉಕ್ಕನ್ನು ಅಗ್ಗವಾಗಿಸಿದ್ದು ಇಂಗ್ಲೆಂಡಿನ ಬೆಸೆಮರನ 1856ರ ವಿಧಾನ. ನಮ್ಮಲ್ಲಿ 1923ರಲ್ಲಿ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿತು.

ಈ ಸೀಮೆಯಲ್ಲಿ ಉಕ್ಕಿನ ಚೌಕಟ್ಟಿನ ಅತಿ ದೊಡ್ಡ ನೆಲೆ ಪಾವಗಡದ ಸೌರ ಪಾರ್ಕ್. ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಹರಡಿರುವ ಇದು 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. 2019ರ ಕೊನೆಗೆ 2,050 ಮೆಗಾವಾಟ್ ಸಾಮರ್ಥ್ಯ ಮುಟ್ಟಿತು. ನೋಡುವವರ ಕಣ್ಣಿಗೆ ಬೀಳುವುದು ಫಲಕಗಳು; ಅವನ್ನು ಹಿಡಿದಿರುವುದು ಸತು ಲೇಪಿಸಿದ ಉಕ್ಕಿನ ಕಂಬ, ಚಾನಲ್‌ಗಳು. ಇಲ್ಲಿನ ಲೆಕ್ಕಾಚಾರ ಚಪ್ಪಡಿ ಮನೆಯದಕ್ಕೆ ಉಲ್ಟಾ. ಚಪ್ಪಡಿ ತನ್ನ ಭಾರದಿಂದಲೇ ಕೂತಿರುತ್ತದೆ. ಹಗುರವಾದ, ಓರೆಯಾಗಿ ನಿಂತ ಫಲಕಕ್ಕೆ ತನ್ನ ಭಾರಕ್ಕಿಂತ ಗಾಳಿಯೇ ದೊಡ್ಡ ಶತ್ರು. ಕೆಳಗಿನಿಂದ ನುಗ್ಗಿದ ಗಾಳಿ ಅದನ್ನು ಮೇಲಕ್ಕೆತ್ತುತ್ತದೆ, ನೆಲದಲ್ಲಿ ಹೂತ ಕಂಬ ಎಳೆತವನ್ನು ತಾಳಿ ನಿಲ್ಲಬೇಕು. ಸತುವಿನ ಲೇಪವಾದರೋ ತಾನು ಮೊದಲು ಸವೆದು ಒಳಗಿನ ಉಕ್ಕನ್ನು ತುಕ್ಕಿನಿಂದ ಕಾಯುತ್ತದೆ.

ಬೇಗ ಕಟ್ಟಬಹುದು, ಕಾರ್ಖಾನೆಯಲ್ಲೇ ಅಳತೆಗೆ ಕತ್ತರಿಸಿ ತರಬಹುದು ಎಂಬ ಅನುಕೂಲಗಳು ಎಲ್ಲರಿಗೂ ಗೊತ್ತು. ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಬೇರೊಂದು: ಬೋಲ್ಟು ಬಿಚ್ಚಿದರೆ ಚೌಕಟ್ಟು ಕಳಚುತ್ತದೆ, ಉಕ್ಕನ್ನು ಮತ್ತೆ ಕರಗಿಸಬಹುದು. ಪಾರ್ಕಿನ ಜಮೀನು ರೈತರು ಮಾರಿದ್ದಲ್ಲ, 28 ವರ್ಷದ ಗುತ್ತಿಗೆಗೆ ಕೊಟ್ಟದ್ದು. ಅವಧಿ ಮುಗಿದ ದಿನ ಹೊಲ ಹೊಲವಾಗಿಯೇ ಮರಳಬೇಕಾದರೆ, ಕಂಬದ ಬುಡದ ಕಾಂಕ್ರೀಟನ್ನೂ ಕಿತ್ತು ತೆಗೆಯುವ ಹೊಣೆ ಯಾರದೆಂದು ಈಗಲೇ ಕರಾರಿನಲ್ಲಿ ಖಚಿತವಾಗಿರಬೇಕು.

ಇನ್ನೊಂದು ಕೋರಿಕೆ. ಕೊರಟಗೆರೆ, ಮಧುಗಿರಿ ತಾಲ್ಲೂಕುಗಳಲ್ಲಿ ಹೊಲ ಉಳುವಾಗಲೋ ರಸ್ತೆಗೆ ಮಣ್ಣು ಅಗೆಯುವಾಗಲೋ ಕಬ್ಬಿಣದ ಕಿಟ್ಟ, ಗಾಜಿನಂತೆ ಹೊಳೆಯುವ ಸುಟ್ಟ ಮೂಸೆಯ ಚೂರು ಕಂಡರೆ ಬಿಸಾಡಬೇಡಿ. ಸಿಕ್ಕ ಜಾಗವನ್ನು ಗುರುತಿಟ್ಟುಕೊಂಡು ಪುರಾತತ್ವ ಇಲಾಖೆಗೆ ತಿಳಿಸಿ.